ಭಾರತದ ಪಂದ್ಯಕ್ಕೆ ಫ್ರೀ ಡಿಶ್ಶೋ, ಕೇಬಲ್ಲೋ, ಮೊಬೈಲೋ?

ವಿಜಯಪುರದ ನಮ್ಮ ಮನೆಯಲ್ಲಿ ಈಗ ಮೂರೂ ಇವೆ. ಮಾಳಿಗೆಯ ಮೇಲೆ ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್, ಒಳಗೆ ಕೇಬಲ್, ಕೈಯಲ್ಲಿ ಮೊಬೈಲ್. 2023ರ ವಿಶ್ವಕಪ್‌ನಿಂದ ಈಚೆಗೆ ಭಾರತದ ಪಂದ್ಯಗಳನ್ನು ಮೂರರಲ್ಲೂ ನೋಡಿದ್ದೇನೆ. ಭಾರತ ಆಡುವ ಏಕದಿನ, ಟಿ20 ಪಂದ್ಯಗಳಷ್ಟೇ ಸಾಕು ಎನ್ನುವವರು ಬೇರೆ ಯೋಚನೆ ಮಾಡದೆ ಫ್ರೀ ಡಿಶ್ ಹಾಕಿಸಿಕೊಳ್ಳಿ. ಪೆಟ್ಟಿಗೆಗೂ ತಟ್ಟೆಗೂ ಒಮ್ಮೆ ಕೊಟ್ಟ ಹಣವೇ ಕೊನೆ, ತಿಂಗಳ ಬಾಡಿಗೆ ಇಲ್ಲ.

ನಮ್ಮ ಊರಿನಿಂದ ತಟ್ಟೆಯ ಮುಖ ಆಗ್ನೇಯಕ್ಕೆ ಇರಬೇಕು. ನಮ್ಮಲ್ಲಿ ಆ ಕಡೆ ಬೇವಿನ ಟೊಂಗೆ ಅಡ್ಡ ಬರುತ್ತಿತ್ತು. ನೀರಿನ ತೊಟ್ಟಿಯ ಪಕ್ಕಕ್ಕೆ ಸರಿಸಿ, ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸುತ್ತ ಹೋದ ಮೇಲೆ ಕೆಳಗಿನಿಂದ ಮಗಳು "ಬಂತು, ಅಪ್ಪಾ, ಅಲ್ಲಾಡಿಸಬೇಡ" ಎಂದು ಕೂಗಿದಳು. ಮಳೆ ಜೋರಾದರೆ ಚಿತ್ರ ಚೂರುಚೂರಾಗುತ್ತದೆ. ಅದೊಂದೇ ತೊಂದರೆ.

ಡಿಶ್‌ನಲ್ಲಿ ಪಂದ್ಯ ಬರುವ ದೂರದರ್ಶನದ ಕ್ರೀಡಾ ವಾಹಿನಿ ಡಿಡಿ ಸ್ಪೋರ್ಟ್ಸ್ ಕೇಬಲ್‌ನಲ್ಲೂ ಇದೆ. ಆದರೆ ಡಿಶ್‌ನಲ್ಲಿ ಭಾರತದ ಪಂದ್ಯ ನಡೆಯುತ್ತಿರುವಾಗಲೇ ಕೇಬಲ್‌ನ ಅದೇ ವಾಹಿನಿಯಲ್ಲಿ ಆ ಪಂದ್ಯ ಇರುವುದಿಲ್ಲ. ಇದು ಕೇಬಲ್‌ನವನ ತಪ್ಪಲ್ಲ. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರದ ಸಂಕೇತವನ್ನು ಖಾಸಗಿ ವಾಹಿನಿಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು ಎನ್ನುತ್ತದೆ 2007ರ ಕಾಯ್ದೆ. ಆ ವರ್ಷದ ಜನವರಿಯಲ್ಲಿ ವೆಸ್ಟ್ ಇಂಡೀಸ್ ಸರಣಿಯ ಪ್ರಸಾರಕ್ಕಾಗಿ ನಡೆದ ಜಗಳದಿಂದ ಹುಟ್ಟಿದ ಕಾನೂನು ಇದು. ದೂರದರ್ಶನಕ್ಕೆ ಬರುವ ಜಾಹೀರಾತು ಹಣದಲ್ಲಿ ಕನಿಷ್ಠ ಮುಕ್ಕಾಲು ಪಾಲು ಪ್ರಸಾರದ ಹಕ್ಕು ಕೊಂಡವರಿಗೇ ಹೋಗುತ್ತದೆ, ಹಾಗಾಗಿ ಅವರನ್ನು ಸುಲಿಗೆ ಮಾಡಿದಂತಾಗುವುದಿಲ್ಲ. ಆದರೆ ಹೀಗೆ ಪಡೆದ ಸಂಕೇತ ಆಂಟೆನಾಗೆ ಬರುವ ದೂರದರ್ಶನದ ಭೂಪ್ರಸಾರಕ್ಕೂ ಅದರದೇ ಡಿಶ್‌ಗೂ ಮಾತ್ರ, ಕೇಬಲ್‌ನವರಿಗೆ ಹಂಚುವಂತಿಲ್ಲ ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಕ್ಕು ಕೊಂಡವರ ಚಂದಾ ಆದಾಯಕ್ಕೆ ಪೆಟ್ಟು ಬೀಳಬಾರದೆಂಬ ವಾದ ನನಗೂ ಅರ್ಥವಾಗುತ್ತದೆ. ಆದರೂ ನಮ್ಮ ಓಣಿಯಲ್ಲಿ ಖಾಸಗಿ ಕ್ರೀಡಾ ವಾಹಿನಿ ಇಲ್ಲದ ಕಡಿಮೆ ದರದ ಪ್ಯಾಕ್‌ಗಷ್ಟೇ ದುಡ್ಡು ಕಟ್ಟುವ ಮನೆಗಳು ಕಡಿಮೆ ಇಲ್ಲ. ಅವರು ಕೇಬಲ್‌ಗೆ ಹಣ ಕಟ್ಟಿಯೂ ಪಂದ್ಯದಿಂದ ಹೊರಗೆ ಉಳಿಯುತ್ತಾರೆ. ಇದು ನ್ಯಾಯವಲ್ಲ. ಇದನ್ನು ಸರಿಪಡಿಸಲು 2018ರಲ್ಲಿ ಕೇಂದ್ರವೇ ತಿದ್ದುಪಡಿಯ ಕರಡು ಹೊರಡಿಸಿತ್ತು. ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

ಕೇಬಲ್ ಗೆಲ್ಲುವುದು ಭಾಷೆಯಲ್ಲಿ. ಖಾಸಗಿ ಕ್ರೀಡಾ ವಾಹಿನಿಯ ಕನ್ನಡ ವಿವರಣೆ ಕೇಳಿದ ಮೇಲೆ ನಮ್ಮ ತಾಯಿಯವರಿಗೆ ಡಿಡಿಯ ಹಿಂದಿ ರುಚಿಸುವುದಿಲ್ಲ. ಸಾರ್ವಜನಿಕ ವಾಹಿನಿಯೇ ಕನ್ನಡದಲ್ಲಿ ಹಿಂದೆ ಬಿದ್ದಿರುವುದು ನನಗೆ ನಿಜಕ್ಕೂ ನೋವು.

ಮೊಬೈಲ್ ಕರೆಂಟ್ ಹೋದಾಗ ಕೈ ಹಿಡಿಯುತ್ತದೆ, ಆದರೆ ಹಿಂದುಳಿಯುತ್ತದೆ. 2024ರ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್. ನನ್ನ ಮೊಬೈಲ್‌ನಲ್ಲಿ ಹಾರ್ದಿಕ್ ಪಾಂಡ್ಯ ಇನ್ನೂ ಓಡಿ ಬರುತ್ತಿದ್ದರು. ಡಿಶ್ ಇರುವ ಪಕ್ಕದ ಮನೆಯವರು ಆಗಲೇ ಚೀರಿ ಕುಣಿಯುತ್ತಿದ್ದರು. ಗೆರೆಯ ಬಳಿ ಸೂರ್ಯಕುಮಾರ್ ಮಿಲ್ಲರ್ ಕ್ಯಾಚ್ ಹಿಡಿದದ್ದು ನನಗೆ ಕಂಡದ್ದು ಆಮೇಲೆ. ಅಂಥ ಕ್ಷಣವನ್ನು ಮೊದಲೇ ತಿಳಿದು ನೋಡುವುದು ಬೇಡವೇ ಬೇಡ.

ಡಿಶ್ ಎಂದರೆ ಎಲ್ಲ ಆಟವೂ ಸಿಗುತ್ತದೆ ಎಂದಲ್ಲ. ಸರ್ಕಾರ ಅಧಿಸೂಚನೆಯಲ್ಲಿ ಪಟ್ಟಿ ಮಾಡಿದ ಪಂದ್ಯಗಳಿಗೆ ಮಾತ್ರ ಈ ಕಾಯ್ದೆಯ ಬಲ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಅದರಲ್ಲಿವೆ, ಐಪಿಎಲ್ ಇಲ್ಲ. ಮಹಿಳಾ ತಂಡ ಆಡುವ ಪ್ರತಿ ಏಕದಿನ, ಟಿ20 ಪಂದ್ಯಕ್ಕೂ ಈ ರಕ್ಷಣೆ ಸಿಗಲೇಬೇಕೆಂಬುದು ನನ್ನ ಒತ್ತಾಯ. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತವರು. ಅಂಥ ಆಟವನ್ನು ಇಂಡಿ, ಸಿಂದಗಿಯ ಹುಡುಗಿಯರು ದುಡ್ಡು ಕೊಡದೆ ನೋಡುವಂತಾಗಬೇಕು.

ಐಪಿಎಲ್ ಬಿಡಲಾರೆವು ಎನ್ನುವ ಮನೆಯವರು ಕೇಬಲ್ ಕೀಳಿಸಬೇಡಿ. ಕ್ರೀಡಾ ವಾಹಿನಿಯನ್ನು ಆ ಎರಡು ತಿಂಗಳಿಗಷ್ಟೇ ಸೇರಿಸಿಕೊಂಡು, ಮುಗಿದ ಮೇಲೆ ತೆಗೆಸಿಬಿಡಿ. ನಾವು ಹಾಗೆಯೇ ಮಾಡುತ್ತಿದ್ದೇವೆ.