ಮನೆ ಸಾಲದ ಬಾಂಡ್: ಜಿನ್ನಿ ಮೇ ಖಾತರಿಯದ್ದೋ, ಖಾಸಗಿಯದ್ದೋ?

ಅಮೆರಿಕದಲ್ಲಿ ಸಾವಿರಾರು ಮನೆ ಸಾಲಗಳನ್ನು ಒಟ್ಟು ಸೇರಿಸಿ, ಅವುಗಳ ಕಂತಿನ ಹಣದ ಮೇಲೆ ಬಾಂಡ್ ಮಾರುತ್ತಾರೆ.

ಜಿನ್ನಿ ಮೇ ಅಂದರೆ ಇಂಥ ಬಾಂಡಿಗೆ ಖಾತರಿ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ. ಅದರ ಖಾತರಿಯ ಬಾಂಡ್ 1970ರಿಂದ ಇದೆ. ಸಾಲಗಾರ ಕಂತು ಕಟ್ಟದಿದ್ದರೂ ನಿಮಗೆ ಅಸಲು, ಬಡ್ಡಿ ಬರುತ್ತದೆ. ಹಿಂದೆ ನಿಂತಿರುವುದು ಸರ್ಕಾರ. ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಬಡ್ಡಿ ದರ ಇಳಿದರೆ ಜನ ಹಳೆ ಸಾಲ ತೀರಿಸಿ ಹೊಸದು ಮಾಡುತ್ತಾರೆ. ನಿಮ್ಮ ಹಣ ಬೇಗ ವಾಪಸ್ ಬರುತ್ತದೆ, ಅದೂ ಬಡ್ಡಿ ಕಮ್ಮಿ ಇರುವಾಗ! ದರ ಏರಿದರೆ ಬಾಂಡಿನ ಬೆಲೆ ಬೀಳುತ್ತದೆ. 2023ರಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕಿಗೆ ಪೆಟ್ಟು ಕೊಟ್ಟದ್ದೂ ಸರ್ಕಾರಿ ಬೆಂಬಲದ ಬಾಂಡುಗಳೇ.

ಖಾಸಗಿ ಬಾಂಡಿನಲ್ಲಿ ಬಡ್ಡಿ ಜಾಸ್ತಿ, ಆದರೆ ಸರ್ಕಾರದ ಖಾತರಿ ಇಲ್ಲ. ಬದಲಿಗೆ ಬಾಂಡುಗಳನ್ನು ಪದರಗಳಾಗಿ ವಿಂಗಡಿಸುತ್ತಾರೆ: ನಷ್ಟ ಮೊದಲು ಕೆಳಗಿನ ಪದರ ಕೊಂಡವರಿಗೆ, ಆಮೇಲೆ ಮೇಲಿನದಕ್ಕೆ. ಅದಕ್ಕೇ ಮೇಲಿನ ಪದರಕ್ಕೆ ಎಎಎ, ಅಂದರೆ ಅತ್ಯಂತ ಸುರಕ್ಷಿತ ಎಂಬ ರೇಟಿಂಗ್ ಸಿಗುತ್ತಿತ್ತು. ದೇಶದ ಉದ್ದಗಲಕ್ಕೂ ಮನೆ ಬೆಲೆ ಒಟ್ಟಿಗೇ ಕುಸಿದಾಗ ಆ ಲೆಕ್ಕ ತಲೆಕೆಳಗಾಯಿತು. ಸಾಲ ಕೊಟ್ಟವರು ಅದನ್ನು ಮಾರಿ ಕೈತೊಳೆದುಕೊಂಡಿದ್ದರು, ಇನ್ನು ಪರಿಶೀಲನೆ ಯಾರಿಗೆ ಬೇಕಿತ್ತು? ಯಾರ ಬಳಿ ಎಷ್ಟು ಕೆಟ್ಟ ಸಾಲ ಇದೆ ಅಂತ ತಿಳಿಯದೆ, 2008ರಲ್ಲಿ ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡಲೂ ಹೆದರಿದವು. ಈಗ ಇಂಥ ಬಾಂಡ್ ಹೊರತರುವವರು ಸಾಮಾನ್ಯವಾಗಿ ಶೇ 5ರಷ್ಟು ಅಪಾಯ ತಾವೇ ಹೊರಬೇಕು. ನನಗದು ಕಮ್ಮಿಯೇ ಅನಿಸುತ್ತದೆ.

ನಿವೃತ್ತಿಯ ಹಣವಾದರೆ ನನ್ನ ಮತ ಜಿನ್ನಿ ಮೇಗೆ. ಖಾಸಗಿಯದ್ದು, ಒಳಗಿರುವ ಸಾಲಗಳ ವಿವರ ಕೂತು ಓದುವವರಿಗೆ ಮಾತ್ರ.