ಒಂಟಿ ನಳಿಗೆ, ಜೋಡಿ ನಳಿಗೆ, ಪಂಪ್: ಮನೆ ಕಾಯಲು ಯಾವ ಕೋವಿ?

ಮಲಗುವ ಕೋಣೆಯ ಬಾಗಿಲಿನಿಂದ ಮುಂಬಾಗಿಲಿಗೆ ನಮ್ಮ ಮನೆಯಲ್ಲಿ 22 ಅಡಿ. ಟೇಪು ಹಿಡಿದು ಅಳೆದದ್ದು ಹೋದ ಜನವರಿಯಲ್ಲಿ. ಯಾವ ಕೋವಿ ಒಳ್ಳೆಯದು ಅಂತ ಭಾವನೂ ನಾನೂ ಅದಕ್ಕೆ ಮುಂಚೆ ಎರಡು ವರ್ಷ ವಾದ ಮಾಡಿದ್ದೆವು. ಎಷ್ಟು ದೂರಕ್ಕೆ ಬೇಕು ಅನ್ನುವುದನ್ನು ಮಾತ್ರ ಇಬ್ಬರೂ ಕೇಳಿಕೊಂಡಿರಲಿಲ್ಲ.

ಕೊಡಗಿನಲ್ಲಿ ಮನೆಯೊಳಗೆ ಕೋವಿ ಇರುವುದು ಹೊಸ ಸುದ್ದಿಯಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಇನ್ನೊಂದು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ, ಮಧ್ಯಾಹ್ನದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಇದ್ದರೂ, ರಾತ್ರಿ ಎರಡು ಗಂಟೆಗೆ ಹಿಂಬಾಗಿಲ ಚಿಲಕ ಅಲ್ಲಾಡಿದರೆ ಆ ಕೋವಿಯನ್ನು ಯಾರು ತೆಗೆಯಬೇಕು, ತೋಟಾ ಎಲ್ಲಿದೆ, ಎಲ್ಲಿ ನಿಲ್ಲಬೇಕು ಅಂತ ಯೋಚಿಸಿದ ಮನೆಗಳು ಕಡಿಮೆ. ನಮ್ಮದೂ ಯೋಚಿಸದ ಮನೆಯೇ. ಪಕ್ಕದ ತೋಟದ ಕಣದಿಂದ ಒಂದೇ ರಾತ್ರಿ ಆರು ಮೂಟೆ ಮೆಣಸು ಹೋದ ಮೇಲೆ ಬುದ್ಧಿ ಬಂತು.

ಹೋಲಿಕೆಗೆ ಸಿಕ್ಕಿದ್ದು ಮೂರು ಕೋವಿ. ಅಪ್ಪನ ಒಂಟಿ ನಳಿಗೆ, ಕಾಗದಪತ್ರದಲ್ಲಿ ಎಸ್‌ಬಿಬಿಎಲ್ ಅಂತ ಬರೆಯುವ, ಹೊಡೆಯುವ ಮುಂಚೆ ಹೆಬ್ಬೆರಳಿನಲ್ಲಿ ಏರಿಸಬೇಕಾದ ಕುದುರೆ ಹೊರಗೇ ಇರುವ ಹಳೇ ಕೋವಿ. ನನ್ನ ಜೋಡಿ ನಳಿಗೆ, ಅಂದರೆ ಡಿಬಿಬಿಎಲ್. 28 ಇಂಚಿನ ಎರಡು ನಳಿಗೆ ಅಕ್ಕಪಕ್ಕ, ಎರಡು ಟ್ರಿಗರ್. ಮೂರನೆಯದು ಭಾವನ ಪಂಪ್ ಆಕ್ಷನ್, ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಏರಿಸುವ ಕೋವಿ: 20 ಇಂಚಿನ ನಳಿಗೆ, ಕೆಳಗಿನ ಕೊಳವೆಯಲ್ಲಿ ನಾಲ್ಕು ತೋಟಾ, ಕರಿ ಪ್ಲಾಸ್ಟಿಕ್ ಹಿಡಿ. ಅಟ್ಟದ ಮೇಲೆ ತಾತನ ಕೇಪಿನ ಕೋವಿಯೂ ಇದೆ. ಮದ್ದು, ಚಿಂದಿ, ಚರೆ ಒಂದೊಂದಾಗಿ ಗಜದಿಂದ ದಮ್ಮಸ್ಸು ಮಾಡುವಷ್ಟರಲ್ಲಿ ಕಳ್ಳ ಕಾಫಿ ಕಾಸಿಕೊಂಡು ಕುಡಿದು ಹೋಗಿರುತ್ತಾನೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರೂ 12 ಬೋರ್. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತದೆ, ಆ ಹೆಸರು ಬಂದದ್ದು ಅಲ್ಲಿಂದ. ಗದ್ದೆ ಕೊಯ್ಲು ಮುಗಿದಿತ್ತು. ಗದ್ದೆಯ ಆ ತುದಿಗೆ ಎರಡಾಳೆತ್ತರದ ಮಣ್ಣಿನ ಬರೆ ಇದೆ, ಗುಂಡು ಅದರಾಚೆ ಹೋಗುವ ಹಾಗಿಲ್ಲ. ಬರೆಯ ಮುಂದೆ ಬಿದಿರು ನೆಟ್ಟು ಹಳೇ ಪೇಪರ್ ಕಟ್ಟಿದೆವು. ಕೊಟ್ಟಿಗೆ ಬಿಚ್ಚಿದಾಗ ಉಳಿದಿದ್ದ ಮುಕ್ಕಾಲು ಇಂಚಿನ ಸಿಲ್ವರ್ ಓಕ್ ಹಲಗೆಗಳನ್ನು ಒಂದರ ಹಿಂದೊಂದು ನಿಲ್ಲಿಸಿದೆವು. ಭಾವನ ಕೋವಿ ಮುಟ್ಟಿದ್ದೆಲ್ಲ ಅವನು ಪಕ್ಕದಲ್ಲಿ ನಿಂತಿದ್ದಾಗಲೇ.

ಮೊದಲು ಒಡೆದದ್ದು ನನ್ನದೇ ಒಂದು ನಂಬಿಕೆ. ಚರೆ ಕೋವಿ ಅಂದರೆ ಅಗಲಕ್ಕೆ ಹರಡುತ್ತದೆ, ಆ ಕಡೆಗೆ ತಿರುಗಿಸಿ ಹೊಡೆದರೆ ಸಾಕು ಅಂತ ಚಿಕ್ಕಂದಿನಿಂದ ಕೇಳಿದ್ದೆ. 22 ಅಡಿಯಿಂದ ಎಸ್‌ಜಿ, ಅಂದರೆ ದಪ್ಪ ಮಣಿಯ ತೋಟಾ, ಹೊಡೆದಾಗ ಪೇಪರಿನಲ್ಲಿ ಆದ ತೂತುಗಳೆಲ್ಲ ನನ್ನ ಅಂಗೈ ಕೆಳಗೆ ಮುಚ್ಚಿಹೋದವು. ಸಣ್ಣ ಮಣಿಯ ಬಿಬಿ ಚರೆ ಕಾಫಿ ಲೋಟದ ಸಾಸರಿನಷ್ಟು. ಮೂರು ಕೋವಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. 45 ಅಡಿಗೆ ಹೋದಾಗ ಮಾತ್ರ ಎಸ್‌ಜಿ ಊಟದ ತಟ್ಟೆಯಷ್ಟು ಹರಡಿತು. ಮನೆಯೊಳಗೆ ಯಾರಿಗೂ 45 ಅಡಿ ಸಿಗುವುದಿಲ್ಲ, ಕುಟುಂಬದ ದೊಡ್ಡ ಮೂಲಮನೆ ಐನ್‌ಮನೆ ಬಿಟ್ಟರೆ. ಹಾಗಾಗಿ ಮನೆಯೊಳಗೆ ಚರೆ ಕೋವಿಯನ್ನೂ ರೈಫಲಿನಂತೆ ಗುರಿಯಿಟ್ಟೇ ಹೊಡೆಯಬೇಕು.

ಹಲಗೆಯ ಪರೀಕ್ಷೆ ಇನ್ನೂ ಬೆವರಿಳಿಸಿತು. ಎಸ್‌ಜಿ ಎರಡೂ ಹಲಗೆ ತೂರಿ ಬರೆಯ ಮಣ್ಣು ಸೇರಿತು. ಬಿಬಿ ಮೊದಲನೆಯದನ್ನು ಸೀಳಿ ಎರಡನೆಯದರಲ್ಲಿ ಕಚ್ಚಿಕೊಂಡಿತು. ನಮ್ಮ ಮನೆಯ ಹೊರಗೋಡೆ ಒಂದೂವರೆ ಅಡಿ ದಪ್ಪದ ಮಣ್ಣುಗೋಡೆ, ಅದರ ಚಿಂತೆಯಿಲ್ಲ. ಆದರೆ ಮಕ್ಕಳ ಕೋಣೆಗೂ ಬಾಡೆಗೂ (ನಡುಮನೆಗೂ) ನಡುವೆ ಇರುವುದು ಹಲಗೆಯ ಅಡ್ಡಗೋಡೆ. ಔನ್ಸಿಗೆ ಎಂಟು ಮಣಿ ಬರುವ ಎಸ್‌ಜಿಯನ್ನೂ ಆರು ಮಣಿ ಬರುವ ಎಲ್‌ಜಿಯನ್ನೂ ಅವತ್ತೇ ಮನೆಯ ಲೆಕ್ಕದಿಂದ ತೆಗೆದೆ. ಔನ್ಸಿಗೆ ಸುಮಾರು 70 ಮಣಿ ಬರುವ ಬಿಬಿ ಉಳಿಯಿತು. ಅದೂ ಆಟಿಕೆಯಲ್ಲ, ಒಂದು ಹಲಗೆ ಸೀಳಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕು ಅನ್ನುವುದನ್ನೂ ಆಮೇಲೆ ತೀರ್ಮಾನಿಸಿದೆವು: ನಮ್ಮ ಕೋಣೆಯ ಬಾಗಿಲಲ್ಲಿ, ಮಣ್ಣುಗೋಡೆ ಎದುರಿಗೆ ಬರುವ ಹಾಗೆ, ಮಕ್ಕಳನ್ನು ಬೆನ್ನ ಹಿಂದಕ್ಕೆ ಕರೆದುಕೊಂಡು.

ಈಗ ಕೋವಿಗಳಿಗೆ ಬರೋಣ.

ಒಂಟಿ ನಳಿಗೆಯ ಗುಣ ಅದರ ಸರಳತನ. ಹಗುರ, ಅಗ್ಗ, ಕೆಡುವುದಕ್ಕೆ ಒಳಗೇನೂ ಇಲ್ಲ. ಹಗುರವಾದ್ದರಿಂದಲೇ ಒದೆಯೂ ಜಾಸ್ತಿ. ನಾಲ್ಕು ಎಸ್‌ಜಿ ಹೊಡೆದ ಮೇಲೆ ಭುಜ ಎರಡು ದಿನ ನೀಲಿಯಾಗಿತ್ತು. ಒಂದೇ ಈಡು ಅನ್ನುವುದು ಎಲ್ಲರೂ ಹೇಳುವ ದೋಷ. ನನಗೆ ಅದಕ್ಕಿಂತ ದೊಡ್ಡ ಭಯ ಕುದುರೆಯದು. ಏರಿಸಿದ ಕುದುರೆಯನ್ನು ಹೊಡೆಯದೆ ಇಳಿಸಬೇಕಾದರೆ ಹೆಬ್ಬೆರಳಿನಲ್ಲಿ ಹಿಡಿದುಕೊಂಡು ಟ್ರಿಗರ್ ಎಳೆಯಬೇಕು. ಬೆರಳು ಒದ್ದೆಯಿದ್ದರೆ? ನಮ್ಮ ಅಡುಗೆಮನೆಯ ಮಾಡಿನಲ್ಲಿ ಒಂದು ಹಂಚು ಉಳಿದವಕ್ಕಿಂತ ಕೆಂಪಗಿದೆ. ಅಪ್ಪನ ಬೆರಳು ಜಾರಿದ ದಿನ ಹಾಕಿಸಿದ್ದು ಅದು. ಅವರು ನಲವತ್ತು ವರ್ಷ ಕೋವಿ ಹಿಡಿದವರು.

ಪಂಪ್ ವಿಷಯದಲ್ಲಿ ಭಾವನ ವಾದ ಎರಡು. ಐದು ಈಡು ಸಿಗುತ್ತದೆ, ಮತ್ತೆ ಆ 'ಕ್ರಚಕ್' ಸದ್ದಿಗೇ ಕಳ್ಳ ಓಡುತ್ತಾನೆ. ಮೊದಲನೆಯದು ನಿಜ. ಎರಡನೆಯ ಕೆಲಸವನ್ನು ನಮ್ಮ ನಾಯಿ ಎರಡು ಹೊತ್ತಿನ ಅನ್ನಕ್ಕೆ ಮಾಡುತ್ತದೆ. ಅದೂ ಅಲ್ಲದೆ ಕತ್ತಲಲ್ಲಿ ಸದ್ದು ಮಾಡಿ ನಾನೆಲ್ಲಿದ್ದೇನೆ ಅಂತ ಹೇಳಿಕೊಡುವುದು ಯಾವ ಜಾಣತನವೋ ಕಾಣೆ. ಗಿಡ್ಡ ನಳಿಗೆ, ಮನೆಯೊಳಗೆ ತಿರುಗಿಸಲು ಸುಲಭ ಅಂದ. ಎರಡನ್ನೂ ಗೋಡೆಗೆ ಒರಗಿಸಿ ಟೇಪು ಹಿಡಿದೆ. ನಳಿಗೆಯಲ್ಲಿ 8 ಇಂಚು ವ್ಯತ್ಯಾಸ ಇದ್ದರೂ ಇಡೀ ಕೋವಿಯಲ್ಲಿ ಉಳಿದದ್ದು 4 ಇಂಚು ಮಾತ್ರ. ಪಂಪಿನ ಯಂತ್ರದ ಭಾಗವೇ ಅಷ್ಟು ಜಾಗ ತಿನ್ನುತ್ತದೆ. ಇನ್ನೂ ಗಿಡ್ಡ ಬೇಕು ಅಂತ ಆಸೆಪಟ್ಟು ನಳಿಗೆ ಕೊಯ್ಯಿಸಲು ಹೋಗಬೇಡಿ. 20 ಇಂಚಿಗಿಂತ ಗಿಡ್ಡ ನಳಿಗೆಗೆ ಸಾಮಾನ್ಯ ಲೈಸೆನ್ಸ್ ಇಲ್ಲ, ಅನುಮತಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದೇ ಆಯುಧ ಕಾಯ್ದೆಯಲ್ಲಿ ಬೇರೆ ಅಪರಾಧ.

ಪಂಪಿನ ನಿಜವಾದ ತೊಂದರೆ ಕಂಡದ್ದು ಡಮ್ಮಿ ತೋಟಾ ಹಾಕಿ, ದೀಪ ಆರಿಸಿ, ಮನೆಯೊಳಗೆ ಅಭ್ಯಾಸ ಮಾಡಿದಾಗ. ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು ಪೂರ್ತಿ ಮುಂದಕ್ಕೆ ತಳ್ಳಬೇಕು. ಗಾಬರಿಯಲ್ಲಿ ಕೈ ಅರ್ಧಕ್ಕೇ ವಾಪಸ್ ಬರುತ್ತದೆ. ಹತ್ತು ಸಲದಲ್ಲಿ ನಾನು ಎರಡು ಸಲ ಸಿಕ್ಕಿಸಿಕೊಂಡೆ, ಭಾವ ಒಂದು ಸಲ, ನನ್ನ ಹೆಂಡತಿ ಐದು ಸಲ. ಅವಳು ಕೋವಿ ಅರಿಯದವಳಲ್ಲ. ಊರಿನ ಸ್ಪರ್ಧೆಯಲ್ಲಿ ತೆಂಗಿನಕಾಯಿ ಒಡೆದು ನನಗಿಂತ ಮುಂದೆ ಹೋದವಳು. "ಇದಕ್ಕೆ ನನ್ನ ಕೈ ಇನ್ನೊಂದು ಗೇಣು ಉದ್ದ ಬೇಕಿತ್ತು" ಅಂತ ಕೋವಿಯನ್ನು ಅವಳ ಅಣ್ಣನ ಕೈಗೇ ಕೊಟ್ಟಳು. ಭಾವ ಏನೂ ಹೇಳಲಿಲ್ಲ.

ಜೋಡಿ ನಳಿಗೆಯೂ ನನ್ನನ್ನು ನಾಚಿಸಿತು. ತೋಟಾ ತುಂಬಲು ಕೋವಿ ಮಡಚಿದಾಗೆಲ್ಲ ಅದರ ಸೇಫ್ಟಿ, ಅಂದರೆ ಟ್ರಿಗರ್ ತಡೆಯುವ ಗುಂಡಿ, ತಾನೇ ಹಿಂದಕ್ಕೆ ಸರಿದುಕೊಳ್ಳುತ್ತದೆ. ತೋಟಾ ತುಂಬಿ, ಮುಚ್ಚಿ, ಗುರಿಯಿಟ್ಟು ಎಳೆದೆ, ಎಳೆದೆ, ಏನೂ ಆಗಲಿಲ್ಲ. ಹತ್ತು ವರ್ಷದಿಂದ ನನ್ನದೇ ಕೋವಿ ಅದು. ಮಳೆಗಾಲದಲ್ಲಿ ಇನ್ನೊಂದು ಗೋಳು: ಹಳೇ ತೋಟಾ ತೇವಕ್ಕೆ ಉಬ್ಬಿ, ಹೊಡೆದ ಮೇಲೆ ಹೊರಗೆ ಬರದೆ ಚೂರಿಯಲ್ಲಿ ಕಿತ್ತದ್ದುಂಟು. ಎರಡು ಈಡಾದ ಮೇಲೆ ಮತ್ತೆ ತುಂಬುವುದೂ ನಿಧಾನ.

ಆದರೂ ಗೆದ್ದದ್ದು ಅದೇ. ಕಾರಣ ಕುಂಬಾರ ಹುಳು ಅಂದರೆ ನಗಬೇಡಿ. ನಮ್ಮ ಕಡೆ ಗೋಡೆಯಲ್ಲಿ, ಕೊಳವೆಯಲ್ಲಿ, ಬೀಗದ ಕೈ ತೂತಿನಲ್ಲಿ, ಎಲ್ಲಿ ಬೆರಳಗಲ ಸಂದಿ ಸಿಕ್ಕಿದರೂ ಅದು ಹಸಿ ಮಣ್ಣು ತಂದು ಗೂಡು ಮೆತ್ತುತ್ತದೆ. ನಳಿಗೆಯೊಳಗೆ ಹಾಗೆ ಮಣ್ಣು ಕಟ್ಟಿಕೊಂಡಿದ್ದಾಗ ಈಡು ಹೊಡೆದರೆ ನಳಿಗೆ ಸೀಳಿ ಹಿಡಿದವನ ಕೈ ಹೋಗಬಹುದು. ಜೋಡಿ ನಳಿಗೆಯನ್ನು ಮಡಚಿ ಹಿಂದಿನಿಂದ ದೀಪದ ಕಡೆಗೆ ಹಿಡಿದರೆ ಎರಡು ಪೂರ್ಣಚಂದ್ರ ಕಾಣುತ್ತವೆ. ಕಾಣದಿದ್ದರೆ ಒಳಗೇನೋ ಇದೆ. ಎರಡು ಸೆಕೆಂಡಿನ ಕೆಲಸ. ತೋಟಾ ಇದೆಯೋ ಇಲ್ಲವೋ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ, ಕತ್ತಲಲ್ಲಿ ಬೆರಳು ತಾಗಿಸಿದರೂ ಸಾಕು. ಪಂಪಿನ ನಳಿಗೆಯನ್ನು ಹಾಗೆ ಹಿಂದಿನಿಂದ ನೋಡಬೇಕಾದರೆ ಮುಂದಿನ ಮುಚ್ಚಳ ತಿರುಪಿ ನಳಿಗೆಯನ್ನೇ ಕಳಚಬೇಕು. ಹಗಲಲ್ಲಿ ಸರಿ. ನಡುರಾತ್ರಿ ಯಾರು ಮಾಡುತ್ತಾರೆ?

ಇನ್ನೊಂದು ಅನುಕೂಲ: ಬಲ ನಳಿಗೆಯ ಬಾಯಿ ಬಿಡುವು, ಎಡದ್ದು ಚರೆ ಕಡಿಮೆ ಹರಡುವ ಹಾಗೆ ಬಿಗಿ. ಮುಂದಿನ ಟ್ರಿಗರ್ ಬಲಕ್ಕೆ, ಹಿಂದಿನದು ಎಡಕ್ಕೆ. ಮನೆಯೊಳಗೆ ಈ ಬಿಡುವು ಬಿಗಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಅಂಗಳದ ದೂರಕ್ಕೆ ಕಂಡಿತು.

ಹೊಂದಿಸಿಕೊಂಡದ್ದರಲ್ಲಿ ಮುಖ್ಯವಾದದ್ದು ಭುಜಕ್ಕೆ ಆನಿಸುವ ಹಿಂದಿನ ಮರದ ಅಳತೆ. ಟ್ರಿಗರಿನಿಂದ ಮರದ ಕೊನೆಗೆ ಹದಿನಾಲ್ಕೂವರೆ ಇಂಚು ಇತ್ತು, ನನಗೆ ಸರಿ. ಹೆಂಡತಿಗೆ ಕೆನ್ನೆ ಕೂರುತ್ತಿರಲಿಲ್ಲ. ಚಳಿಗೆ ಸ್ವೆಟರ್ ಹಾಕಿಕೊಂಡರಂತೂ ಮರದ ತುದಿ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಮರ ಕೊಯ್ಯಿಸಿ, ಮೆತ್ತನೆಯ ರಬ್ಬರ್ ಹಾಕಿಸಿ ಹದಿಮೂರು ಮುಕ್ಕಾಲಿಗೆ ಇಳಿಸಿದೆ. ಗಿಡ್ಡ ಮರದ ಕೋವಿಯಲ್ಲಿ ಉದ್ದನೆಯವನು ಹೇಗೋ ಹೊಡೆಯುತ್ತಾನೆ, ಉದ್ದ ಮರದ ಕೋವಿಯಲ್ಲಿ ಗಿಡ್ಡನೆಯವರಿಗೆ ಆಗುವುದೇ ಇಲ್ಲ. ತಿಂಗಳಲ್ಲಿ ಹತ್ತು ದಿನ ನಾನು ಮನೆಯಲ್ಲೇ ಇರುವುದಿಲ್ಲ.

ನಳಿಗೆಗೆ ಟಾರ್ಚ್ ಕಟ್ಟುವ ಕ್ಲಿಪ್ಪು ಭಾವ ತರಿಸಿಕೊಟ್ಟ. ಎರಡನೇ ಈಡಿಗೇ ಸಡಿಲವಾಯಿತು. ತೆಗೆದುಹಾಕಿ, ಅಂಗಳ, ಕಣ, ಜಗಲಿ ಮೂರರ ದೀಪದ ಸ್ವಿಚ್ಚನ್ನೂ ಹಾಸಿಗೆಯ ತಲೆದೆಸೆಗೆ ಎಳೆಸಿದೆ. ಈ ಇಡೀ ಕೆಲಸದಲ್ಲಿ ಸಾರ್ಥಕವಾಗಿ ಖರ್ಚಾದ ದುಡ್ಡು ಅದೇ ಅಂತ ಈಗಲೂ ನನ್ನ ಅನಿಸಿಕೆ. ಯಾರು ಅಂತ ಕಾಣದೆ ಟ್ರಿಗರಿಗೆ ಬೆರಳು ಹೋಗಬಾರದು. ಕುಡಿದು ತಡವಾಗಿ ಬಂದ ಚಿಕ್ಕಪ್ಪನ ಮಗನೂ ಹಿಂಬಾಗಿಲಲ್ಲೇ ಬರುತ್ತಾನೆ.

ಕಾನೂನಿನ ಒಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯದು. ಸೂರ್ಯಾಸ್ತದ ಮೇಲೆ ಮನೆ ಒಡೆದು ನುಗ್ಗುವವನು ಬೇರೆ, ಕಣದಿಂದ ಮೆಣಸಿನ ಮೂಟೆ ಹೊತ್ತು ಓಡುವವನು ಬೇರೆ. ಜೀವಕ್ಕೆ ಅಪಾಯವಿಲ್ಲದ ಬರೀ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕನ್ನು ಯಾವ ಕಲಮೂ ಕೊಡುವುದಿಲ್ಲ, ಮೊದಲನೆಯ ಸಂದರ್ಭದಲ್ಲೂ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಓಡುವವನ ಬೆನ್ನಿಗೆ ಹೊಡೆದವನು ಮೆಣಸಿನ ಬೆಲೆಗೆ ತೋಟ ಮಾರಿ ವಕೀಲರಿಗೆ ಕೊಡಬೇಕಾಗುತ್ತದೆ. ಆದ್ದರಿಂದ ನಮ್ಮ ಮನೆಯ ಕ್ರಮ ಹೀಗಿದೆ: ದೀಪ, ನಾಯಿ, 112ಕ್ಕೆ ಫೋನು, ಕೋಣೆಯ ಬಾಗಿಲು ಹಾಕಿಕೊಳ್ಳುವುದು. ಕೋವಿ ಬಾಗಿಲೊಳಗೇ. ಹುಡುಕಿಕೊಂಡು ಹೊರಗೆ ಹೋಗುವುದಿಲ್ಲ. ಅಂಗಳಕ್ಕೆ ಬಂದದ್ದು ಆನೆಯಾಗಿದ್ದರಂತೂ ಈ ಮೂರರಲ್ಲಿ ಯಾವ ಕೋವಿಯೂ ಪ್ರಯೋಜನವಿಲ್ಲ.

ಬಾಡೆಯ ಗೋಡೆಯ ಮೇಲೆ ಈಗ ಕೋವಿ ಇಲ್ಲ. ನಮ್ಮ ಕೋಣೆಯ ಮೂಲೆಯಲ್ಲಿ ಸ್ಟೀಲ್ ಬೀರು ನೆಲಕ್ಕೂ ಗೋಡೆಗೂ ಬೋಲ್ಟ್ ಹಾಕಿ ಕೂರಿಸಿದ್ದೇವೆ. ಚರ್ಮದ ಚೀಲ ತೇವ ಹಿಡಿದು ತುಕ್ಕು ತರುತ್ತದೆ ಅಂತ ಕೋವಿಯನ್ನು ಎಣ್ಣೆ ಸವರಿ ಬರಿದೇ ನಿಲ್ಲಿಸಿದೆ, ಖಾಲಿಯಾಗಿ. ತೋಟಾ ಅದರೊಳಗಿನ ಇನ್ನೊಂದು ಬೀಗದ ಡ್ರಾಯರಿನಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪ್ರತಿ ಜೂನ್‌ಗೆ ಮುಂಚೆ ಹೊಸದು. ಎರಡು ಬೀಗದ ಕೈಯೂ ಒಂದೊಂದು ಜೊತೆ ನಮ್ಮಿಬ್ಬರ ಹತ್ತಿರ. ಕತ್ತಲಲ್ಲಿ ಎರಡೂ ಬೀಗ ತೆಗೆದು, ಚಂದ್ರ ನೋಡಿ, ತೋಟಾ ಹಾಕಿ ನಿಲ್ಲಲು ನನಗೆ 24 ಸೆಕೆಂಡ್ ಬೇಕು. ಅವಳಿಗೆ 19.