ಮೀಸೆ ಕಳಕೊಂಡ ಕ್ಲಾರ್ಕ್ ಗೇಬಲ್

ಹಾಸನದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಟೈಲರ್ ಅಂಗಡಿ ಮೇಲೊಂದು ಸ್ಟುಡಿಯೋ. ಹಳೇ ಫೋಟೋ ಸ್ಕ್ಯಾನ್ ಮಾಡಿ ಸರಿಮಾಡಿಕೊಡುತ್ತಾರೆ. ನಾನು ಒಯ್ದದ್ದು ತಾತನ ಕಾಫಿ ಲೆಕ್ಕದ ಪುಸ್ತಕ. ಅರ್ಧ ಕೂಲಿ ಬಟವಾಡೆ, ಇನ್ನರ್ಧ ಪತ್ರಿಕೆಯಿಂದ ಕತ್ತರಿಸಿ ಮೈದಾ ಅಂಟಲ್ಲಿ ಅಂಟಿಸಿದ ನಟರು, ವಿಮಾನಗಳು.

ಈ ಹುಚ್ಚಿಗೆಲ್ಲ ಸಾಬುನೇ ಕಾರಣ. ಮೈಸೂರು ಸೀಮೆಯ ಕಾರಾಪುರದ ಮಾವುತರ ಹುಡುಗ. 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಹೆಸರಾಗಿ, ಹಾಲಿವುಡ್ ಸೇರಿ, ಮಹಾಯುದ್ಧದಲ್ಲಿ ಅಮೆರಿಕದ ಬಿ-24 ಬಾಂಬರ್‌ನಲ್ಲಿ ಗನ್ನರ್ ಆಗಿ ಪದಕ ಪಡೆದ. "ನಮ್ ಕಡೆ ಹುಡ್ಗ ಕಣೋ, ಆನೆ ಇಳಿದು ವಿಮಾನ ಹತ್ತಿದ" ಅಂತ ತಾತ ಊಟಕ್ಕೆ ಕೂತಾಗಲೆಲ್ಲ ಶುರು ಮಾಡೋರು.

ಸಾಬು ಪುಟದ ಕೆಲಸ ಅಪ್ಪಟ. ಅಂಟಿನ ಹಳದಿ ಕಲೆ ಮಾಯ, ಪೇಟದ ಮಡಿಕೆ ಎಣಿಸಬಹುದು. ಪಕ್ಕದಲ್ಲಿ ತಾತ ಪೆನ್ಸಿಲ್ಲಲ್ಲಿ ಗೀಚಿದ್ದ "ಮಾರನಿಗೆ ಮುಂಗಡ 2 ರೂ." ಅನ್ನೋದನ್ನೂ ಅಳಿಸಿಲ್ಲ. 1938ರಲ್ಲಿ ವಿಮಾನದಲ್ಲಿ ನಾಲ್ಕು ದಿನದೊಳಗೆ ಭೂಮಿ ಸುತ್ತಿ ಬಂದ ಸಿನಿಮಾ ನಿರ್ಮಾಪಕ ಹೊವಾರ್ಡ್ ಹ್ಯೂಸ್ ಪುಟವೂ ಪರವಾಗಿಲ್ಲ.

ಎಡವಟ್ಟಾಗಿದ್ದು ಹಾಲಿವುಡ್ ನಟ ಕ್ಲಾರ್ಕ್ ಗೇಬಲ್ ವಿಷಯದಲ್ಲಿ. ಯುದ್ಧದಲ್ಲಿ ಬಿ-17 ಬಾಂಬರ್‌ನಲ್ಲಿ ಜರ್ಮನಿ ಮೇಲೆ ಹಾರಿ ಬಂದ ಮನುಷ್ಯನ ಮೀಸೆಯನ್ನೇ ಕಲೆ ಅಂತ ಒರೆಸಿಬಿಟ್ಟಿದ್ದಾರೆ!

"ಸಾರ್, ಇವ್ರು ನಿಮ್ ತಾತನಾ?" ಅಂದ ಕಂಪ್ಯೂಟರ್ ಮುಂದಿನ ಹುಡುಗ. ಸಂಜೆಯೊಳಗೆ ಮೀಸೆ ವಾಪಸ್ ಬಂತು, ಸ್ವಲ್ಪ ದಪ್ಪ.

ಪುಟಕ್ಕೆ 60 ರೂಪಾಯಿ. ಹೇಳಿದ್ದು ನಾಲ್ಕು ದಿನ, ಕೊಟ್ಟಿದ್ದು ಹನ್ನೊಂದಕ್ಕೆ. ಹ್ಯೂಸ್ ಅಷ್ಟರಲ್ಲಿ ಎರಡು ಸುತ್ತು ಮುಗಿಸಿರೋನು.